ಗೆರೆ ಸಿಗದ ನೋಟು

ನಮ್ಮೂರಿನ ಬಸ್ ನಿಲ್ದಾಣದಲ್ಲಿ ಊದುಬತ್ತಿ ಮಾರುವ ಒಬ್ಬರಿದ್ದಾರೆ. ಅವರಿಗೆ ಕಣ್ಣು ಕಾಣುವುದಿಲ್ಲ. ಹೆಗಲಿಗೊಂದು ಚೀಲ, ಕೈಯಲ್ಲಿ ನಾಲ್ಕು ಪೊಟ್ಟಣ. ಕಳೆದ ಕಾರ್ತಿಕದ ಒಂದು ಸಂಜೆ ಅವರಿಂದ ಎರಡು ಪೊಟ್ಟಣ ತೆಗೆದುಕೊಂಡೆ. ಚಿಲ್ಲರೆ ಇರಲಿಲ್ಲ, ಐನೂರರ ನೋಟು ಕೊಟ್ಟೆ. ಅವರು ನೋಟಿನ ಎರಡೂ ಅಂಚುಗಳ ಮೇಲೆ ಹೆಬ್ಬೆರಳು ಆಡಿಸಿದರು. ಸ್ವಲ್ಪ ತಡೆದು ಮತ್ತೊಮ್ಮೆ ಆಡಿಸಿದರು. ಆಮೇಲೆ ನೋಟನ್ನು ನನ್ನ ಕಡೆಗೇ ಚಾಚಿ, "ಇದ್ರಲ್ಲಿ ಗೆರೆ ಸಿಗ್ತಿಲ್ಲ ಸಾರ್. ಬೇರೆ ಇದ್ರೆ ಕೊಡಿ" ಎಂದರು.

"ಹಳೇ ನೋಟು, ಸವೆದಿರಬೇಕು" ಎಂದೆ.

"ಸವೆದಿರೋದು ಬೇರೆ, ಇದು ಬೇರೆ. ತಪ್ಪು ತಿಳ್ಕೋಬೇಡಿ."

ಬೇರೆ ನೋಟು ಕೊಟ್ಟು ಮನೆಗೆ ಬಂದೆ. ದೀಪದ ಕೆಳಗೆ ಎರಡು ನೋಟು ಅಕ್ಕಪಕ್ಕ ಇಟ್ಟು ನೋಡಿದಾಗ ಅವರ ಮಾತು ಸರಿ ಎಂದು ತಿಳಿಯಿತು. ಯಾರಿಂದ ಬಂದಿತ್ತೋ, ಯಾವ ಅಂಗಡಿಯ ಚಿಲ್ಲರೆಯ ಜೊತೆಗೋ, ನನ್ನ ಹತ್ತಿರ ಒಂದು ಖೋಟಾ ನೋಟು ಇತ್ತು. ಎರಡು ಕಣ್ಣಿರುವ ನಾನು ಅದನ್ನು ತೆಗೆದುಕೊಂಡಿದ್ದೆ. ಕಣ್ಣಿಲ್ಲದವರು ಬೇಡ ಎಂದಿದ್ದರು. ಆ ನೋಟು ಮೂರು ದಿನ ನನ್ನ ಜೇಬಿನಲ್ಲಿತ್ತು. ಈ ಬರಹ ಆ ಮೂರು ದಿನಗಳದ್ದು.

ಮೊದಲು ಆ ಗೆರೆಗಳ ವಿಷಯ. ಈಗ ಚಲಾವಣೆಯಲ್ಲಿರುವ ಐನೂರರ ನೋಟಿನ ಮುಂಬದಿಯಲ್ಲಿ, ಎಡ ಮತ್ತು ಬಲ ಅಂಚಿನಲ್ಲಿ ಐದೈದು ಓರೆ ಗೆರೆಗಳಿವೆ. ನೂರರ ನೋಟಿನಲ್ಲಿ ನಾಲ್ಕು. ಇನ್ನೂರರಲ್ಲಿ ನಾಲ್ಕು ಗೆರೆ, ನಡುವೆ ಎರಡು ಸೊನ್ನೆ. ಜೊತೆಗೆ ಐನೂರಕ್ಕೆ ಒಂದು ವೃತ್ತ, ನೂರಕ್ಕೆ ಒಂದು ತ್ರಿಕೋನ. ಇವೆಲ್ಲ ಉಬ್ಬಿಕೊಂಡಿರುತ್ತವೆ. ಲೋಹದ ತಟ್ಟೆಯಲ್ಲಿ ಗೆರೆಗಳನ್ನು ಆಳವಾಗಿ ಕೆತ್ತಿ, ಆ ತಗ್ಗುಗಳಿಗೆ ಶಾಯಿ ತುಂಬಿ, ಮೇಲ್ಮೈಯ ಶಾಯಿಯನ್ನು ಒರೆಸಿ ತೆಗೆದು, ಅದರ ಮೇಲೆ ಹತ್ತಿಯಿಂದ ಮಾಡಿದ ಕಾಗದವನ್ನಿಟ್ಟು ಭಾರಿ ಒತ್ತಡದಲ್ಲಿ ಒತ್ತುತ್ತಾರೆ. ಕಾಗದ ತಗ್ಗಿನೊಳಕ್ಕೆ ಇಳಿದು ಶಾಯಿಯನ್ನು ಎತ್ತಿಕೊಂಡು ಬರುತ್ತದೆ. ಹೀಗಾಗಿ ಗಾಂಧೀಜಿಯ ಚಿತ್ರ, ಅಶೋಕ ಸ್ತಂಭ, ಅಂಚಿನ ಗೆರೆ ಎಲ್ಲವೂ ಬೆರಳಿಗೆ ಸಿಗುತ್ತವೆ.

ಈ ಉಬ್ಬಿನಲ್ಲಿಯೇ ಇನ್ನೊಂದು ಜಾಣತನವಿದೆ. ನೋಟನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓರೆಯಾಗಿ ನೋಡಿದರೆ, ನೇರವಾಗಿ ನೋಡುವಾಗ ಕಾಣದ ಒಂದು ಸಂಖ್ಯೆ ಮೂಡುತ್ತದೆ. ಅದನ್ನು ಅಡಗುಚಿತ್ರ ಎನ್ನಬಹುದು. ಹಿನ್ನೆಲೆಯ ಸಣ್ಣ ಗೆರೆಗಳು ಒಂದು ದಿಕ್ಕಿಗಿದ್ದರೆ ಸಂಖ್ಯೆಯ ಗೆರೆಗಳು ಇನ್ನೊಂದು ದಿಕ್ಕಿಗೆ. ಮೇಲಿನಿಂದ ನೋಡಿದರೆ ಎರಡೂ ಒಂದೇ ಬಣ್ಣ. ಓರೆಯಾಗಿ ನೋಡಿದಾಗ ನೋಟಕ್ಕೆ ಅಡ್ಡಲಾಗಿ ನಿಂತ ಗೆರೆಗಳು ತಮ್ಮ ನಡುವಿನ ಬಿಳಿಯನ್ನು ಮರೆಮಾಡುತ್ತವೆ, ನೋಟದ ದಿಕ್ಕಿಗೇ ಮಲಗಿದವು ಮರೆಮಾಡುವುದಿಲ್ಲ. ಒಂದು ಕಪ್ಪಾಗಿ, ಇನ್ನೊಂದು ತಿಳಿಯಾಗಿ, ಸಂಖ್ಯೆ ಎದ್ದು ಬರುತ್ತದೆ. ಜೋಳದ ಹೊಲದ ಸಾಲುಗಳನ್ನು ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಇದು ಹೊಸದಲ್ಲ: ಸಾಲಿನ ನೇರಕ್ಕೆ ಬಂದಾಗ ಮಣ್ಣು ಕಾಣುತ್ತದೆ, ಅಡ್ಡ ಬಂದಾಗ ಬರೀ ಹಸಿರು. ಜೆರಾಕ್ಸ್ ಯಂತ್ರಕ್ಕೂ ಸ್ಕ್ಯಾನರಿಗೂ ಇದನ್ನು ಕದಿಯಲು ಬರುವುದಿಲ್ಲ. ಅವು ಯಾವಾಗಲೂ ನೇರವಾಗಿಯೇ ನೋಡುತ್ತವೆ. ಬಣ್ಣವನ್ನು ಎತ್ತಿಕೊಳ್ಳುತ್ತವೆ, ಎತ್ತರ ಬಿಟ್ಟುಹೋಗುತ್ತದೆ. ನನ್ನ ಖೋಟಾ ನೋಟಿನಲ್ಲಿ ಬಿಟ್ಟುಹೋಗಿದ್ದೂ ಅದೇ.

ಇಷ್ಟೆಲ್ಲ ತಿಳಿದುಕೊಂಡ ಮೇಲೆ ಮೊದಲ ದಿನ ನನಗೆ ಬಂದ ಯೋಚನೆ ದೊಡ್ಡದೇನಲ್ಲ. ಇದನ್ನು ಯಾರಿಗೆ ದಾಟಿಸಲಿ ಎಂಬುದು. ರಾತ್ರಿ ಹೊತ್ತು ಪೆಟ್ರೋಲ್ ಬಂಕಿನಲ್ಲಿ ನಾಲ್ಕು ನೋಟುಗಳ ನಡುವೆ ಇಟ್ಟು ಕೊಡಬಹುದು. ಜಾತ್ರೆಯಲ್ಲಿ ಕೊಡಬಹುದು. ನನ್ನ ಸಮರ್ಥನೆಯೂ ತಯಾರಿತ್ತು: ನಾನೇನು ಇದನ್ನು ಅಚ್ಚು ಹಾಕಿದ್ದಲ್ಲ. ನನಗೆ ಯಾರೋ ಮೋಸ ಮಾಡಿದರು. ನಾನು ದುಡಿದ ಐನೂರು ರೂಪಾಯಿ ನನಗೆ ಬರಬೇಕಾದ್ದೇ. ತೆಗೆದುಕೊಂಡವರೂ ದಾಟಿಸಿಕೊಳ್ಳಲಿ.

ಬ್ಯಾಂಕಿಗೆ ಕೊಂಡೊಯ್ದರೆ ಆಗುವುದೇನು ಎಂಬುದೂ ಗೊತ್ತಿತ್ತು. ರಿಸರ್ವ್ ಬ್ಯಾಂಕಿನ ನಿಯಮದಂತೆ ಖೋಟಾ ನೋಟು ಬ್ಯಾಂಕಿನ ಕೈಗೆ ಬಂದರೆ ಅದರ ಮೇಲೆ ಮುದ್ರೆ ಒತ್ತಿ ವಶಪಡಿಸಿಕೊಳ್ಳುತ್ತಾರೆ. ತಂದವರಿಗೆ ಒಂದು ರಶೀದಿ ಕೊಡುತ್ತಾರೆ. ದುಡ್ಡು ಕೊಡುವುದಿಲ್ಲ. ಅಂದರೆ ಪ್ರಾಮಾಣಿಕತೆಗೆ ಇಲ್ಲಿ ಒಂದು ಬೆಲೆ ನಿಗದಿಯಾಗಿದೆ: ಐನೂರು ರೂಪಾಯಿ. ನಿಯಮದ ಹಿಂದಿನ ತರ್ಕ ಅರ್ಥವಾಗುತ್ತದೆ. ಖೋಟಾ ನೋಟಿಗೆ ಬ್ಯಾಂಕೇ ದುಡ್ಡು ಕೊಡತೊಡಗಿದರೆ ಅಚ್ಚು ಹಾಕುವವನಿಗೆ ಬ್ಯಾಂಕಿನಂಥ ಗಿರಾಕಿ ಇನ್ನೊಬ್ಬನಿಲ್ಲ. ಆದರೂ ನ್ಯಾಯದ ತಕ್ಕಡಿಯಲ್ಲಿ ಏನೋ ಓರೆಯಾಗಿದೆ ಅನಿಸುತ್ತದೆ. ತಪ್ಪು ಮಾಡಿದವನು ಎಲ್ಲೋ ಇದ್ದಾನೆ, ದಂಡ ಕಟ್ಟುವವನು ಕಡೆಗೆ ಸತ್ಯ ಹೇಳಿದವನು.

ಈ ಪ್ರಲೋಭನೆಯನ್ನು ಕಾನೂನು ಬರೆದವರೂ ಬಲ್ಲರು. 1860ರ ಭಾರತೀಯ ದಂಡಸಂಹಿತೆಯಲ್ಲಿ ಖೋಟಾ ನಾಣ್ಯದ ಬಗ್ಗೆ ಎರಡು ಕಲಮುಗಳಿದ್ದವು. ಖೋಟಾ ಎಂದು ಗೊತ್ತಿದ್ದೇ ಪಡೆದು ಇನ್ನೊಬ್ಬರಿಗೆ ದಾಟಿಸಿದವನಿಗೆ 239ನೇ ಕಲಮಿನಲ್ಲಿ ಐದು ವರ್ಷದವರೆಗೆ ಸೆರೆ. ಪಡೆಯುವಾಗ ಗೊತ್ತಿರದೆ, ಆಮೇಲೆ ತಿಳಿದು, ತಿಳಿದ ಮೇಲೆ ದಾಟಿಸಿದವನಿಗೆ 241ರಲ್ಲಿ ಎರಡು ವರ್ಷದವರೆಗೆ ಸೆರೆ ಅಥವಾ ನಾಣ್ಯದ ಹತ್ತು ಪಟ್ಟಿನವರೆಗೆ ದಂಡ. ನನ್ನಂಥವರಿಗಾಗಿಯೇ ಬರೆದ ಕಲಮು ಅದು. ಈ ಮನುಷ್ಯ ಮೋಸಗಾರನಲ್ಲ, ಮೋಸ ಹೋದವನು, ನಷ್ಟವನ್ನು ಇಳಿಸಿಕೊಳ್ಳಲು ನೋಡಿದವನು ಎಂದು ಅದಕ್ಕೆ ಗೊತ್ತು. ಅದಕ್ಕೇ ಶಿಕ್ಷೆ ಕಡಿಮೆ ಮಾಡಿದೆ. ಬಿಟ್ಟುಬಿಟ್ಟಿಲ್ಲ. ಯಾಕೆ ಬಿಟ್ಟಿಲ್ಲ ಎಂಬುದು ನನಗೆ ಎರಡನೇ ದಿನ ತಿಳಿಯಿತು.

ಎರಡನೇ ದಿನ ಸಂಜೆ ಮುಖ್ಯರಸ್ತೆಯ ಬದಿಯಲ್ಲಿ ಸೊಪ್ಪು ಮಾರುವ ಅಜ್ಜಿಯ ಹತ್ತಿರ ಹೋದೆ. ದಂಟು, ಮೆಂತ್ಯ, ಒಂದಿಷ್ಟು ಹುರುಳಿಕಾಯಿ, ಎಲ್ಲ ಸೇರಿ ಅರವತ್ತು ರೂಪಾಯಿ. ಬೇಕೆಂದೇ ಆ ನೋಟು ತೆಗೆದೆ ಎಂದು ಹೇಳಲು ಈಗಲೂ ನಾಲಿಗೆ ತಡವರಿಸುತ್ತದೆ. ಆದರೆ ಬೇಕೆಂದೇ ತೆಗೆದೆ. ಕತ್ತಲಾಗಿತ್ತು. ಅಜ್ಜಿ ನೋಟನ್ನು ನೋಡಲಿಲ್ಲ. ನನ್ನ ಮುಖ ನೋಡಿ ನಕ್ಕು, ನೋಟನ್ನು ಎಲೆಅಡಿಕೆಯ ಚೀಲಕ್ಕೆ ಸೇರಿಸಿ, ಒಂದೊಂದೇ ನೋಟು ಎಣಿಸಿ ನಾನೂರ ನಲವತ್ತು ಕೊಟ್ಟಳು. ಹತ್ತರದವು, ಇಪ್ಪತ್ತರದವು, ಐವತ್ತರದವು, ಒಂದೆರಡು ನೂರರದವು. ಅವಳ ಆ ದಿನದ ವ್ಯಾಪಾರ ಪೂರ್ತಿ ನನ್ನ ಅಂಗೈಯಲ್ಲಿತ್ತು.

ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದೆ. "ಅಜ್ಜಿ, ಆ ನೋಟು ಕೊಡು, ಬೇರೆ ಕೊಡ್ತೀನಿ" ಎಂದೆ.

"ಯಾಕಪ್ಪ, ಚೆನ್ನಾಗೇ ಐತಲ್ಲ?" ಎಂದಳು.

ಅವಳು ನೋಟನ್ನು ಯಾಕೆ ಪರೀಕ್ಷಿಸಲಿಲ್ಲ? ಪರೀಕ್ಷಿಸಿದಳು, ಆದರೆ ನೋಟನ್ನಲ್ಲ. ನಾಲ್ಕು ವರ್ಷದಿಂದ ವಾರಕ್ಕೆರಡು ಸಲ ಸೊಪ್ಪು ಒಯ್ಯುವ ನನ್ನ ಮುಖವನ್ನು ನೋಡಿದಳು. ಅವಳಿಗೆ ಅಡಗುಚಿತ್ರ, ದಾರ, ನೀರುಗುರುತು ಎಲ್ಲ ಅಲ್ಲೇ ಇತ್ತು. ನಾನು ದಾಟಿಸಲು ಹೊರಟಿದ್ದು ಖೋಟಾ ನೋಟನ್ನು ಎಂದುಕೊಂಡಿದ್ದೆ. ಅದರ ಜೊತೆಗೆ ನನ್ನ ಮುಖವನ್ನೂ ಖೋಟಾ ಮಾಡಿ ಕೊಟ್ಟಿದ್ದೆ.

ಅಸಲಿ ಎಂದರೇನು ಎಂಬ ಪ್ರಶ್ನೆ ಅಲ್ಲಿಂದ ನನ್ನನ್ನು ಬಿಡಲಿಲ್ಲ. ವಸ್ತುವಿನ ಗುಣವೇ ಅದು? ಹಾಗಿದ್ದರೆ ಉಬ್ಬುಗೆರೆ, ದಾರ, ಕಾಗದ ಎಲ್ಲ ಸರಿಯಿದ್ದ ಮೇಲೆ ನೋಟು ಅಸಲಿಯಾಗಲೇಬೇಕು. ಹಾಗಾಗದ ಒಂದು ಪ್ರಸಂಗ ಇತಿಹಾಸದಲ್ಲಿದೆ.

1925ರಲ್ಲಿ ಪೋರ್ಚುಗಲ್ಲಿನ ಅಲ್ವೆಸ್ ಡೋಸ್ ರೇಸ್ ಎಂಬಾತ ನೋಟಿನ ನಕಲು ಮಾಡುವ ಕಷ್ಟಕ್ಕೇ ಹೋಗಲಿಲ್ಲ. ಅವನು ಸೃಷ್ಟಿಸಿದ್ದು ಒಂದು ಕರಾರು ಪತ್ರವನ್ನು, ಬ್ಯಾಂಕ್ ಆಫ್ ಪೋರ್ಚುಗಲ್ ತನಗೆ ನೋಟು ಮುದ್ರಿಸಿಕೊಳ್ಳಲು ಅಧಿಕಾರ ಕೊಟ್ಟಿದೆ ಎಂದು ಹೇಳುವ ಕಾಗದವನ್ನು. ಅದನ್ನು ಅವನ ಸಂಗಡಿಗರು ಲಂಡನ್ನಿನ ವಾಟರ್‌ಲೋ ಕಂಪನಿಗೆ ಕೊಂಡೊಯ್ದರು. ಬ್ಯಾಂಕಿಗಾಗಿ ನಿಜವಾಗಿಯೂ ನೋಟು ಮುದ್ರಿಸುತ್ತಿದ್ದ ಕಂಪನಿ ಅದು. ಮೊದಲ ಸಲವೇ ವಾಸ್ಕೋ ಡ ಗಾಮಾನ ಚಿತ್ರವಿದ್ದ ಐನೂರು ಎಸ್ಕುಡೊದ 2 ಲಕ್ಷ ನೋಟುಗಳನ್ನು ಕಂಪನಿ ಮುದ್ರಿಸಿ ಕೊಟ್ಟಿತು. ಅದೇ ಮುದ್ರಣಾಲಯ, ಅದೇ ಕೈಗಳು. ಯಾವ ಹೆಬ್ಬೆರಳಿಗೂ, ಯಾವ ಭೂತಗನ್ನಡಿಗೂ ವ್ಯತ್ಯಾಸ ಸಿಗುವಂತಿರಲಿಲ್ಲ. ರೇಸ್ ಆ ದುಡ್ಡಿನಲ್ಲಿ ಒಂದು ಬ್ಯಾಂಕನ್ನೇ ತೆರೆದ. ಡಿಸೆಂಬರ್‌ನಲ್ಲಿ ಸಿಕ್ಕಿಬಿದ್ದದ್ದು ಒಂದೇ ಕ್ರಮಸಂಖ್ಯೆಯ ಎರಡು ನೋಟುಗಳು ಎದುರುಬದುರಾದಾಗ. ಎರಡರಲ್ಲಿ ಯಾವುದು ಖೋಟಾ ಎಂದು ನೋಟನ್ನು ನೋಡಿ ಹೇಳುವುದು ಕಷ್ಟವಾಗಿತ್ತು. ಬ್ಯಾಂಕು ಆ ನಮೂನೆಯ ನೋಟುಗಳನ್ನೆಲ್ಲ ಹಿಂದಕ್ಕೆ ಕರೆದು, ತಂದವರಿಗೆಲ್ಲ ಬೇರೆ ನೋಟು ಕೊಟ್ಟಿತು.

ಆಮೇಲೆ ಬ್ಯಾಂಕು ಮುದ್ರಕರ ಮೇಲೆ ಲಂಡನ್ನಿನಲ್ಲಿ ದಾವೆ ಹೂಡಿತು. 1932ರಲ್ಲಿ ಹೌಸ್ ಆಫ್ ಲಾರ್ಡ್ಸ್ ಮೂರಕ್ಕೆ ಎರಡರ ಬಹುಮತದಿಂದ ತೀರ್ಪು ಕೊಟ್ಟಿತು. ಐವರು ನ್ಯಾಯಾಧೀಶರ ಮುಂದಿದ್ದ ಪ್ರಶ್ನೆ ಕಾನೂನಿನದಷ್ಟೇ ಆಗಿರಲಿಲ್ಲ. ಖೋಟಾ ನೋಟಿಗೆ ಬದಲಾಗಿ ಅಸಲಿ ನೋಟು ಕೊಟ್ಟಾಗ ಬ್ಯಾಂಕು ಕಳೆದುಕೊಂಡದ್ದೇನು? ಇಬ್ಬರು ಹೇಳಿದರು: ಹೊಸ ನೋಟು ಮುದ್ರಿಸಿದ ಖರ್ಚು, ಅಷ್ಟೇ. ಬ್ಯಾಂಕಿನ ಪಾಲಿಗೆ ಅದು ಬರೀ ಕಾಗದ. ಮೂವರು ಹೇಳಿದರು: ಇಲ್ಲ, ನೋಟಿನ ಪೂರ್ತಿ ಮುಖಬೆಲೆ. ಕೊಟ್ಟ ಒಂದೊಂದು ನೋಟೂ ಬ್ಯಾಂಕು ತನ್ನ ಹೆಗಲಿಗೆ ಹೊತ್ತುಕೊಂಡ ಹೊಣೆ. ಗೆದ್ದದ್ದು ಆ ಮೂವರ ಮಾತು. ಪರಿಹಾರ ಆರು ಲಕ್ಷ ಪೌಂಡಿಗೂ ಮೇಲೆ ಹೋಯಿತು.

ನಾನು ಆ ಮೂವರ ಕಡೆ. ನಮ್ಮ ನೋಟಿನ ಮೇಲೆಯೂ ಒಂದು ವಾಕ್ಯವಿದೆ, ಹಿಂದಿಯಲ್ಲಿ ಮತ್ತು ಇಂಗ್ಲಿಷಿನಲ್ಲಿ. ಈ ನೋಟು ತಂದವರಿಗೆ ಇಷ್ಟು ರೂಪಾಯಿ ಕೊಡುವುದಾಗಿ ಮಾತು ಕೊಡುತ್ತೇನೆ ಎಂದು ರಿಸರ್ವ್ ಬ್ಯಾಂಕಿನ ಗವರ್ನರ್ ಸಹಿ ಮಾಡಿರುತ್ತಾರೆ. ನೋಟು ಎಂದರೆ ಆ ಮಾತು. ಮೈಸೂರಿನಲ್ಲಿ ನೋಟಿನ ಕಾಗದ ಮಾಡುವ ಗಿರಣಿಯಿದೆ, ನೋಟು ಅಚ್ಚು ಹಾಕುವ ಮುದ್ರಣಾಲಯವಿದೆ. ಅಲ್ಲಿ ತಯಾರಾಗುವ ಉಬ್ಬುಗೆರೆ, ಓರೆ ಮಾಡಿದಾಗ ಹಸಿರಿನಿಂದ ನೀಲಿಗೆ ತಿರುಗುವ ದಾರ, ಬೆಳಕಿಗೆ ಹಿಡಿದಾಗ ಮೂಡುವ ಮುಖ ಎಲ್ಲ ಆ ಮಾತಿಗೆ ಸಾಕ್ಷಿ ಹೇಳಲು ನಿಂತವು. ಸಾಕ್ಷಿಯೇ ಮಾತಲ್ಲ. ರೇಸ್‌ನ ನೋಟುಗಳಲ್ಲಿ ಸಾಕ್ಷಿಗಳೆಲ್ಲ ಹಾಜರಿದ್ದರು, ಮಾತು ಕೊಟ್ಟವರು ಮಾತ್ರ ಯಾರೂ ಇರಲಿಲ್ಲ.

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ವಿಶಾಖದತ್ತನ ‘ಮುದ್ರಾರಾಕ್ಷಸ’ದಲ್ಲಿ ಅಮಾತ್ಯ ರಾಕ್ಷಸನ ಉಂಗುರಮುದ್ರೆ ಚಾಣಕ್ಯನ ಕೈಗೆ ಸಿಗುತ್ತದೆ. ಅವನು ಒಂದು ಕಪಟ ಪತ್ರ ಬರೆಯಿಸಿ ಅದರ ಮೇಲೆ ಆ ಮುದ್ರೆಯನ್ನು ಒತ್ತಿಸುತ್ತಾನೆ. ಮುದ್ರೆ ನಿಜ, ಪತ್ರ ಸುಳ್ಳು. ರಾಕ್ಷಸ ಎಷ್ಟು ಹೇಳಿದರೂ ಮಲಯಕೇತು ನಂಬುವುದಿಲ್ಲ, ಮುದ್ರೆಯನ್ನು ನಂಬುತ್ತಾನೆ. ಶಾಕುಂತಲದಲ್ಲಿ ಇದೇ ಮಾತು ತಿರುವುಮುರುವಾಗಿ ಬರುತ್ತದೆ. ಅಲ್ಲಿ ಹೆಣ್ಣು ನಿಜ, ಅವಳ ಮಾತು ನಿಜ, ಬಸುರು ನಿಜ. ಉಂಗುರ ಮಾತ್ರ ನೀರುಪಾಲಾಗಿದೆ. ಗುರುತಿಲ್ಲದ ಸತ್ಯವನ್ನು ರಾಜಸಭೆ ಒಪ್ಪುವುದಿಲ್ಲ. ಗುರುತು ಇದ್ದರೂ ಸುಳ್ಳಿರಬಹುದು, ಗುರುತು ಇಲ್ಲದೆಯೂ ಸತ್ಯವಿರಬಹುದು. ಎರಡೂ ಕಡೆ ನಷ್ಟ ಅನುಭವಿಸಿದವರು ತಪ್ಪಿಲ್ಲದವರು.

ಇಷ್ಟು ದೂರವೂ ಹೋಗಬೇಕಿಲ್ಲ. ಛಾಪಾ ಕಾಗದದ ಹಗರಣ ನಮ್ಮವರಿಗೆ ಇನ್ನೂ ನೆನಪಿದೆ. ಖಾನಾಪುರದ ಅಬ್ದುಲ್ ಕರೀಂ ತೆಲಗಿ 2001ರಲ್ಲಿ ಬಂಧನವಾಗುವ ಹೊತ್ತಿಗೆ ಖೋಟಾ ಛಾಪಾ ಕಾಗದಗಳು ಹಲವು ರಾಜ್ಯಗಳಿಗೆ ಹರಿದುಹೋಗಿದ್ದವು. ಆ ಕಾಗದಗಳ ಮೇಲೆ ಎಷ್ಟು ಜನ ಮನೆ ಬಾಡಿಗೆಯ ಕರಾರು ಬರೆದುಕೊಂಡರೋ, ಎಷ್ಟು ಅಣ್ಣತಮ್ಮಂದಿರು ಪಾಲು ಮಾಡಿಕೊಂಡರೋ. ಕಾಗದ ಖೋಟಾ, ಆದರೆ ಬರೆದುಕೊಂಡ ಮಾತುಗಳಲ್ಲಿ ಎಷ್ಟೋ ನಿಜವಾದವು, ನಡೆಸಿಕೊಟ್ಟವು. ಸರ್ಕಾರದ ಬೊಕ್ಕಸಕ್ಕೆ ಮೋಸವಾಗಿತ್ತು. ಬಾಡಿಗೆ ಸರಿಯಾಗಿ ಕೊಟ್ಟವನ ಮಾತಿಗೆ ಅದರಿಂದ ಕಳಂಕ ತಟ್ಟಲಿಲ್ಲ.

ಹಾಗಾದರೆ ಗುರುತುಗಳು ಬೇಡವೇ? ಬೇಕು. ಎಷ್ಟು ಬೇಕು ಎಂಬುದಕ್ಕೆ ಲಂಡನ್ನಿನದೇ ಒಂದು ಕಥೆ ಇದೆ. 1797ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಚಿನ್ನ ಕೊಡುವುದನ್ನು ನಿಲ್ಲಿಸಿ ಒಂದು ಮತ್ತು ಎರಡು ಪೌಂಡಿನ ಸಣ್ಣ ನೋಟುಗಳನ್ನು ಹೊರಡಿಸಿತು. ಅಲ್ಲಿಯವರೆಗೆ ನೋಟನ್ನೇ ಕಾಣದ, ಓದು ಬಾರದ ಕೂಲಿಕಾರರ ಕೈಗೂ ನೋಟು ಬಂತು. ಆ ನೋಟುಗಳನ್ನು ನಕಲು ಮಾಡುವುದು ತೀರ ಸುಲಭವಾಗಿತ್ತು. ನಕಲಿಗೆ ಶಿಕ್ಷೆ ಮಾತ್ರ ಗಲ್ಲು. ಮುಂದಿನ ವರ್ಷಗಳಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಗಲ್ಲಿಗೇರಿಸಿದರು. ಅವರಲ್ಲಿ ಒಂದು ಪೌಂಡಿನ ಖೋಟಾ ನೋಟು ದಾಟಿಸಿದ ಹೆಂಗಸರೂ ಇದ್ದರು. ವ್ಯಂಗ್ಯಚಿತ್ರಕಾರ ಜಾರ್ಜ್ ಕ್ರೂಕ್‌ಶಾಂಕ್ ಅಂಥದ್ದೊಂದನ್ನು ಕಣ್ಣಾರೆ ಕಂಡು, 1819ರಲ್ಲಿ ಅಣಕದ ನೋಟೊಂದನ್ನು ಕೆತ್ತಿದ. ಅದರಲ್ಲಿ ಮುಖವಿರಬೇಕಾದಲ್ಲಿ ನೇಣಿಗೆ ತೂಗುವ ಸಾಲು ಹೆಣಗಳು. ಅದೇ ವರ್ಷ ಜೇಕಬ್ ಪರ್ಕಿನ್ಸ್ ಎಂಬ ಅಮೆರಿಕದ ಕುಶಲಕರ್ಮಿ ಉಕ್ಕಿನ ತಟ್ಟೆಗಳಲ್ಲಿ ಕೆತ್ತುವ ವಿಧಾನವನ್ನು ಹೊತ್ತು ಲಂಡನ್ನಿಗೆ ಬಂದ. ಬ್ಯಾಂಕು ಅದನ್ನು ಒಪ್ಪಿಕೊಳ್ಳಲಿಲ್ಲ.

ಹಾಗಾಗಿ ಉಬ್ಬುಗೆರೆಯ ಇತಿಹಾಸವನ್ನು ಬರೀ ಜಾಣ್ಮೆಯ ಇತಿಹಾಸವೆಂದು ಓದಲು ನನಗೆ ಆಗುವುದಿಲ್ಲ. ಸುಲಭವಾಗಿ ಕೆಡುವ ಮಾತನ್ನು ಬಡವರ ಕೈಗೆ ಕೊಟ್ಟು, ಅದು ಕೆಟ್ಟಾಗ ಬಡವರನ್ನೇ ಶಿಕ್ಷಿಸುವುದು ಅನ್ಯಾಯ. ಮಾತು ಕೊಡುವವರು ಆ ಮಾತನ್ನು ಕಾಯುವ ಹೊಣೆಯನ್ನೂ ಹೊರಬೇಕು. ಪ್ರತಿ ನೋಟಿನಲ್ಲಿ ಅಷ್ಟು ಕಷ್ಟಪಟ್ಟು ಗೆರೆ ಎಬ್ಬಿಸುವುದು ಆ ಹೊಣೆಯ ಒಂದು ಭಾಗ.

ಹೊಣೆ ಪೂರ್ತಿಯಾಗಿದೆಯೇ? ಊದುಬತ್ತಿಯವರನ್ನು ನೆನೆಯಿರಿ. ಹಿಂದಿನ ಮಹಾತ್ಮ ಗಾಂಧಿ ಸರಣಿಯಲ್ಲಿ ಇಪ್ಪತ್ತರ ನೋಟಿಗೆ ಉದ್ದ ಚೌಕ, ಐವತ್ತಕ್ಕೆ ಚೌಕ ಎಂದು ಬೆರಳಿಗೆ ಸಿಗುವ ಗುರುತುಗಳಿದ್ದವು. ಈಗಿನ ನೋಟುಗಳಲ್ಲಿ ಅಂಥ ಗುರುತು ಇರುವುದು ನೂರು ಮತ್ತು ಅದಕ್ಕೂ ಮೇಲಿನವಕ್ಕೆ. ಅವರು ದಿನವಿಡೀ ಮುಟ್ಟುವುದು ಹತ್ತು, ಇಪ್ಪತ್ತು, ಐವತ್ತನ್ನು. ರಿಸರ್ವ್ ಬ್ಯಾಂಕು 2020ರಲ್ಲಿ ‘ಮಣಿ’ ಎಂಬ ಆ್ಯಪ್ ತಂದಿದೆ, ಮೊಬೈಲಿನ ಕ್ಯಾಮೆರಾ ಹಿಡಿದರೆ ಎಷ್ಟರ ನೋಟು ಎಂದು ಹೇಳುತ್ತದೆ. ಅಸಲಿಯೋ ಖೋಟಾವೋ ಎಂದು ಹೇಳುವುದಿಲ್ಲ. ಬಸ್ಸು ಹೊರಡುವ ಅವಸರದಲ್ಲಿ ಕಿಟಕಿಯಿಂದ ನೋಟು ಚಾಚಿದವರ ಎದುರು ಮೊಬೈಲು ತೆಗೆದು ಹಿಡಿಯುವುದು ಎಷ್ಟು ಸಾಧ್ಯವೋ ನೀವೇ ಯೋಚಿಸಿ. ಸಣ್ಣ ನೋಟನ್ನು ಯಾರು ಖೋಟಾ ಮಾಡುತ್ತಾರೆ, ಅದಕ್ಕೇಕೆ ಖರ್ಚು ಎನ್ನುವುದು ಲೆಕ್ಕದ ಮಾತು. ಸಣ್ಣ ನೋಟಿನಲ್ಲೇ ಬದುಕುವವರ ಲೆಕ್ಕ ಬೇರೆ.

ಈ ಮೂರು ದಿನದಲ್ಲಿ ನನಗೆ ಹೊಳೆದದ್ದು ಇಷ್ಟು. ಖೋಟಾ ನೋಟಿಗೆ ನೀರಿನ ಗುಣವಿದೆ, ಅದು ತಗ್ಗಿಗೆ ಹರಿಯುತ್ತದೆ. ಬೆಳಕಿದ್ದವರು, ಸಮಯವಿದ್ದವರು, ಗುರುತು ಬಲ್ಲವರು ಅದನ್ನು ಮುಂದಕ್ಕೆ ತಳ್ಳುತ್ತಾರೆ. ಬೀದಿದೀಪದ ಅಡಿ ಕೂತವರು, ಕಣ್ಣು ಮಂಜಾದವರು, ಗಿರಾಕಿಯ ಮುಖ ನೋಡಿ ನಂಬುವವರು ಇರುವಲ್ಲಿ ಬಂದು ನಿಲ್ಲುತ್ತದೆ. ನನಗೆ ನಷ್ಟವಾಗಿದೆ, ಆದ್ದರಿಂದ ದಾಟಿಸುತ್ತೇನೆ ಎಂದಾಗ ನಾನು ನಷ್ಟವನ್ನು ಅಳಿಸುತ್ತಿರಲಿಲ್ಲ, ಅದನ್ನು ಹೊರಲು ನನಗಿಂತ ಬಲಹೀನರನ್ನು ಆರಿಸುತ್ತಿದ್ದೆ. ನನಗೆ ಕೊಟ್ಟವನು ಗೊತ್ತಿದ್ದೇ ಕೊಟ್ಟನೋ ಇಲ್ಲವೋ ನನಗೆ ತಿಳಿಯದು. ಅಜ್ಜಿಗೆ ಕೊಟ್ಟಾಗ ನನಗಂತೂ ಗೊತ್ತಿತ್ತು. 241ನೇ ಕಲಮು ಶಿಕ್ಷೆಯನ್ನು ಕಡಿಮೆ ಮಾಡಿಯೂ ಬಿಡದೆ ಇದ್ದದ್ದು ಇದಕ್ಕೇ ಇರಬೇಕು.

ಇನ್ನೇನು ಎಲ್ಲವೂ ಮೊಬೈಲಿನಲ್ಲೇ ನಡೆಯುತ್ತದೆ, ನೋಟಿನ ಕಾಲ ಮುಗಿಯಿತು ಎನ್ನುವವರಿದ್ದಾರೆ. ಆದರೆ ದುಡ್ಡು ಹಾಕಿದೆ ಎಂದು ಹಳೆಯ ಸ್ಕ್ರೀನ್‌ಶಾಟ್ ತೋರಿಸಿ ಹೋಗುವವರ ಕಥೆಯನ್ನು ಬೀದಿ ವ್ಯಾಪಾರಿಗಳ ಬಾಯಲ್ಲಿ ಕೇಳಿದ್ದೇನೆ. ಈಗ ಅಂಗಡಿಗಳಲ್ಲಿ ಇಷ್ಟು ರೂಪಾಯಿ ಬಂತು ಎಂದು ಗಟ್ಟಿಯಾಗಿ ಕೂಗುವ ಪೆಟ್ಟಿಗೆ ಇದೆಯಲ್ಲ, ಅದು ಈ ಕಾಲದ ಉಬ್ಬುಗೆರೆ. ಅದನ್ನೂ ಮೀರುವ ಉಪಾಯವನ್ನು ಯಾರಾದರೂ ಹುಡುಕುತ್ತಿರಬಹುದು. ಆಗಲೂ ಕಡೆಗೆ ಅಜ್ಜಿ ನೋಡುವುದು ಮುಖವನ್ನೇ.

ಮೂರನೇ ದಿನ ಬ್ಯಾಂಕಿಗೆ ಹೋದೆ. ಕ್ಯಾಷಿಯರ್ ನೋಟನ್ನು ಓರೆ ಮಾಡಿ ನೋಡಿ, ಮುದ್ರೆ ಒತ್ತಿ, ಪುಸ್ತಕದಲ್ಲಿ ಬರೆದುಕೊಂಡು ರಶೀದಿ ಕೊಟ್ಟರು. "ನೀವಾಗೇ ತಂದ್ರಾ?" ಎಂದು ಕೇಳಿದರು. ಹೌದು ಎಂದೆ. ಅಜ್ಜಿಯ ವಿಷಯ ಹೇಳಲಿಲ್ಲ.

ಸಂಜೆ ಬಸ್ ನಿಲ್ದಾಣದಲ್ಲಿ ಊದುಬತ್ತಿಯವರನ್ನು ಕಂಡು, ಆ ನೋಟು ಖೋಟಾ ಅಂತಲೇ ಆಯಿತು, ಬ್ಯಾಂಕಿಗೆ ಕೊಟ್ಟು ಬಂದೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಐನೂರು ಹೋಯ್ತಲ್ಲ ಸಾರ್" ಎಂದು ನನಗಾಗಿ ಮರುಗಿದರು. ನಾನು ಒಂದು ಪೊಟ್ಟಣ ತೆಗೆದುಕೊಂಡು ನೂರರ ನೋಟು ಕೊಟ್ಟೆ. ಅವರು ಅದರ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ನನಗೆ ಬೇಸರವಾಗಲಿಲ್ಲ. ಆಡಿಸಲಿ ಎಂದು ಕೈ ಹಿಂದಕ್ಕೆ ತೆಗೆದುಕೊಂಡು ಕಾದೆ.